ನಾಲಿಗೆ ಕೆಳಗಿನ ಗುಳಿಗೆ ಎಲ್ಲ ಎದೆನೋವಿಗೂ ಅಲ್ಲ

ಕಲಬುರಗಿ ಸೀಮೆಯಲ್ಲಿ ಐವತ್ತು ದಾಟಿದ ಎಷ್ಟೋ ಗಂಡಸರ ಅಂಗಿ ಜೇಬಿನಲ್ಲಿ ಒಂದು ಸಣ್ಣ ಗುಳಿಗೆ ಇರುತ್ತದೆ. ಅದೇ ಸಾರ್ಬಿಟ್ರೇಟ್. ಹೆಸರು ಗೊತ್ತಿಲ್ಲದವರು ‘ನಾಲಿಗೆ ಕೆಳಗಿನ ಗುಳಿಗೆ’ ಅನ್ನುತ್ತಾರೆ. ಬಸ್ಸಿನಲ್ಲೋ ಜಾತ್ರೆಯಲ್ಲೋ ಯಾರಿಗಾದರೂ ಎದೆ ಹಿಡಿದರೆ ಪಕ್ಕದವರು ತಮ್ಮದನ್ನೇ ತೆಗೆದು ಕೊಡುತ್ತಾರೆ. ಕೊಡುವವರ ಮನಸ್ಸು ದೊಡ್ಡದು. ಹೃದಯದ ರಕ್ತನಾಳ ಕಿರಿದಾದವರಿಗೆ ವೈದ್ಯರೇ ಬರೆದುಕೊಟ್ಟಿದ್ದರೆ ಅದು ಒಳ್ಳೆಯ ಔಷಧ ಕೂಡ.

ನಮ್ಮ ಚಿಗವ್ವನಿಗೆ ಒಂದು ಮದುವೆಮನೆಯಲ್ಲಿ ಹೀಗೇ ಯಾರೋ ಕೊಟ್ಟರು. ಆಳಂದ ತಾಲೂಕಿನ ಹಳ್ಳಿ. ಮಾಳಿಗೆಯ ಮೆಟ್ಟಿಲು ಹತ್ತಿ ಬಂದವಳು ಗೋಡೆಗೆ ಒರಗಿ ಕೂತಳು. ‘ಎದಿ ಹಿಡದಂಗ ಆಗ್ಯದ, ದಮ್ಮು ಹತ್ಯದ’ ಅಂದಳು. ಬೀಗರ ಕಡೆಯ ಹಿರಿಯರೊಬ್ಬರು ಗುಳಿಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಮೇಲಾದವು, ಕೈಕಾಲು ತಣ್ಣಗಾದವು. ಹತ್ತಿರದ ದವಾಖಾನೆಗೆ ಒಯ್ದಾಗ ಬಿ.ಪಿ. ಕೈಗೆ ಸಿಗುತ್ತಿರಲಿಲ್ಲ. ಅಲ್ಲಿ ಅದನ್ನು ಹಾರ್ಟ್ ಅಟ್ಯಾಕ್ ಅಂದುಕೊಂಡರು. ಅವಳು ದಿನಾ ಮೂರು ಹೊತ್ತು ಸಿಲ್ಡೆನಾಫಿಲ್ ಅನ್ನುವ, ರಕ್ತನಾಳ ಸಡಿಲಿಸುವ ಗುಳಿಗೆ ತಗೊಳ್ಳುತ್ತಾಳೆ ಅನ್ನುವುದನ್ನು ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಅವಳು ಬದುಕಿ ಬಂದಳು. ಆದರೆ ಆ ರಾತ್ರಿ ನನಗೆ ಇನ್ನೂ ಮರೆತಿಲ್ಲ.

ಅವಳಿಗೆ ಇರುವುದು ಪಲ್ಮನರಿ ಹೈಪರ್‌ಟೆನ್ಷನ್. ಸರಳವಾಗಿ ಹೇಳಿದರೆ ಶ್ವಾಸಕೋಶದ ರಕ್ತನಾಳಗಳ ಬಿ.ಪಿ. ಇದು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ. ಅಲ್ಲ. ತೋಳಿನಲ್ಲಿ 120/80 ಇದ್ದು, ಶ್ವಾಸಕೋಶದಲ್ಲಿ ಒತ್ತಡ ಮಿತಿ ಮೀರಿರಬಹುದು. ‘ಬಿ.ಪಿ. ನಾರ್ಮಲ್ ಅದ, ಏನೂ ಆಗಿಲ್ಲ’ ಅಂತ ಹೇಳಿಸಿಕೊಂಡು ಮನೆಗೆ ಬರುವವರಲ್ಲಿ ಈ ರೋಗದವರೂ ಇರುತ್ತಾರೆ. ಶ್ವಾಸಕೋಶದ ಮುಖ್ಯ ರಕ್ತನಾಳದಲ್ಲಿ ಸರಾಸರಿ ಒತ್ತಡ ಆರೋಗ್ಯವಂತರಲ್ಲಿ ಪಾದರಸದ ಅಳತೆಯಲ್ಲಿ ಸುಮಾರು 14 ಮಿಲಿಮೀಟರ್ ಇರುತ್ತದೆ. 20 ದಾಟಿದರೆ ರೋಗ ಅಂತ ಲೆಕ್ಕ. ಮೊದಲು ಈ ಗಡಿ 25 ಇತ್ತು. 2018ರಲ್ಲಿ ಈ ರೋಗದ ತಜ್ಞರ ಜಾಗತಿಕ ಸಭೆ ಅದನ್ನು ಇಳಿಸಲು ಹೇಳಿತು. 2022ರ ಯುರೋಪಿನ ಮಾರ್ಗಸೂಚಿ ಅದನ್ನೇ ಒಪ್ಪಿಕೊಂಡಿತು.

ಈ ಮಾತು ಈಗ ಯಾಕೆ ಅಂದರೆ, 2025ರ ಜೂನ್, ಜುಲೈಯಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಮೇಲೆ ಎದೆನೋವಿನ ಬಗ್ಗೆ ನಾಡಿಗೆ ನಾಡೇ ಹೆದರಿದೆ. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನಿಂದ ಸಾಲು ನಿಂತರು. ನಮ್ಮ ಕಡೆಯೂ ಇಸಿಜಿ ಮಾಡಿಸುವವರು ಜಾಸ್ತಿಯಾದರು. ಹೆದರಿಕೆಯಿಂದ ಒಂದು ಒಳ್ಳೆಯದೂ ಆಯಿತು, ಜನ ನೋವನ್ನು ನುಂಗಿಕೊಂಡು ಕೂರುವುದು ಕಡಿಮೆಯಾಯಿತು. ಆದರೆ ನಮ್ಮ ತಲೆಯಲ್ಲಿ ಎದೆನೋವಿಗೆ ಎರಡೇ ಹೆಸರು ಉಳಿದಿವೆ. ಒಂದು ಗ್ಯಾಸ್, ಇನ್ನೊಂದು ಅಟ್ಯಾಕ್. ಇಸಿಜಿ ಕೆಟ್ಟಿದ್ದರೆ ಅಟ್ಯಾಕ್, ಚೆನ್ನಾಗಿದ್ದರೆ ಗ್ಯಾಸ್. ಹೃದಯದ ಬಲಗಡೆಗೆ ಸುಸ್ತಾಗಿ ಬರುವ ನೋವು ಈ ಎರಡರಲ್ಲಿ ಎಲ್ಲೂ ಇಲ್ಲ. ಅದಕ್ಕೆ ನಮ್ಮ ಮಾತಿನಲ್ಲಿ ಹೆಸರೇ ಇಲ್ಲ.

ಬಲಗಡೆಗೆ ಆಗುವುದೇನು? ಹೃದಯ ಎರಡು ಪಂಪು ಕೂಡಿಸಿಟ್ಟ ಹಾಗೆ. ಎಡಗಡೆಯದು ಇಡೀ ಮೈಗೆ ರಕ್ತ ಒತ್ತುತ್ತದೆ, ಹಾಗಾಗಿ ಅದರ ಗೋಡೆ ದಪ್ಪ. ಬಲಗಡೆಯದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಮಾತ್ರ ಒತ್ತುತ್ತದೆ. ಅಲ್ಲಿನ ಒತ್ತಡ ಮೈಯ ಒತ್ತಡದ ಐದು, ಆರನೇ ಒಂದು ಪಾಲು. ಅದಕ್ಕೇ ಆ ಗೋಡೆ ತೆಳ್ಳಗೆ. ನಮ್ಮ ಕಡೆ ಬೋರ್ ನೀರು ಗಡಸು, ಪೈಪಿನೊಳಗೆ ಬಿಳಿ ಪದರ ಕಟ್ಟುತ್ತದೆ ಅಲ್ವಾ? ಈ ರೋಗದಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳ ಗೋಡೆಯೇ ಒಳಗಿನಿಂದ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ. ಸಣ್ಣ ಮೋಟಾರು ದೊಡ್ಡ ಕೆಲಸಕ್ಕೆ ಸಿಕ್ಕಿಬಿದ್ದ ಹಾಗೆ ಆಗುತ್ತದೆ. ಮೊದಮೊದಲು ಬಲ ಪಂಪು ಗೋಡೆ ದಪ್ಪ ಮಾಡಿಕೊಂಡು ತಾಳುತ್ತದೆ. ಆಮೇಲೆ ಊದಿಕೊಂಡು ಸಡಿಲವಾಗುತ್ತದೆ.

ನೋವು ಬರುವುದು ಇಲ್ಲಿಂದ. ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ತರುವುದು ಕೊರೊನರಿ ರಕ್ತನಾಳಗಳು. ಎಡಗಡೆಯ ಸ್ನಾಯು ಹಿಂಡಿಕೊಳ್ಳುವಾಗ ಗಟ್ಟಿಯಾಗುವುದರಿಂದ ಅದಕ್ಕೆ ರಕ್ತ ಸಿಗುವುದು ಹೆಚ್ಚಾಗಿ ಸಡಿಲವಾದಾಗ. ಬಲಗಡೆಯದು ಮೆತ್ತಗಿರುವುದರಿಂದ ಅದಕ್ಕೆ ಎರಡೂ ಹೊತ್ತು ಸಿಗುತ್ತದೆ. ಬಲಗಡೆ ಒತ್ತಡ ಏರಿದಾಗ ಈ ಅನುಕೂಲ ಹೋಗುತ್ತದೆ. ಹಿಂಡಿಕೊಳ್ಳುವ ಹೊತ್ತಿನ ಹರಿವು ಕಡಿಮೆಯಾಗುತ್ತದೆ. ದುಡಿಮೆ ಜಾಸ್ತಿ, ಕೂಳು ಕಡಿಮೆ. ನಡೆದಾಗ, ಮೆಟ್ಟಿಲು ಹತ್ತಿದಾಗ, ಕೊಡ ಹೊತ್ತಾಗ ಸ್ನಾಯು ಹಸಿದು ಕೂಗುತ್ತದೆ. ಆ ಕೂಗೇ ಎದೆ ಹಿಡಿದ ಹಾಗೆ ಆಗುವುದು. ಇಂಥವರಿಗೆ ಆಂಜಿಯೋಗ್ರಾಮ್ ಮಾಡಿದರೆ ಬ್ಲಾಕ್ ಇಲ್ಲದಿರಬಹುದು. ‘ನಾಳ ಕ್ಲೀನ್ ಅದ’ ಅಂತ ಕೇಳಿ ಮನೆಯವರು ಖುಷಿಪಡುತ್ತಾರೆ. ಆಮೇಲೆ ನೋವು ಅಂದಾಗ ‘ಸುಮ್ನೆ ಹೆದರ್ತಾಳ’ ಅನ್ನುತ್ತಾರೆ. ಇದು ನನಗೆ ಬಹಳ ಸಂಕಟ ಕೊಡುವ ಮಾತು. ನಾಳ ಚೆನ್ನಾಗಿದ್ದೂ ಆ ನೋವು ಪೂರ್ತಿ ನಿಜ.

ಇನ್ನೊಂದು ಕಾರಣ ಇನ್ನೂ ವಿಚಿತ್ರ. ಒತ್ತಡ ಹೆಚ್ಚಾಗಿ ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳ ಊದಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಹೃದಯದ ಎಡಗಡೆಗೆ ರಕ್ತ ಕೊಡುವ ಮುಖ್ಯ ಕೊರೊನರಿ ನಾಳ ಹಾದುಹೋಗುತ್ತದೆ. ಊದಿದ್ದು ಇದನ್ನು ಹೊರಗಿನಿಂದ ಅಮುಕುತ್ತದೆ. ಕೊಬ್ಬಿನ ಬ್ಲಾಕ್ ಇಲ್ಲದೆಯೇ ಬ್ಲಾಕ್ ಆದ ಹಾಗೆ. ಇಟಲಿಯ ಬೊಲೊನ್ಯಾದ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಅವರು ನೋಡಿದ 765 ರೋಗಿಗಳಲ್ಲಿ 121 ಮಂದಿಗೆ ಎದೆನೋವು ಅಥವಾ ಅದರಂಥ ತೊಂದರೆ ಇತ್ತು. ಆ 121ರಲ್ಲಿ 48 ಮಂದಿಗೆ ಈ ಮುಖ್ಯ ನಾಳ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕಿರಿದಾಗಿತ್ತು. ಹೆಚ್ಚಿನವರಿಗೆ ಸ್ಟೆಂಟ್ ಹಾಕಿದರು, ನೋವು ಇಳಿಯಿತು. ಅಂದರೆ ನೋವು ಅಂದವರಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ನಾಲ್ಕು ಮಂದಿಗೆ ಸರಿಪಡಿಸಬಹುದಾದ ಕಾರಣ ಒಳಗೆ ಅಡಗಿತ್ತು. ‘ಈ ರೋಗ ಇದ್ದಮೇಲೆ ನೋವು ಇದ್ದದ್ದೇ’ ಅಂತ ಕೈಬಿಟ್ಟಿದ್ದರೆ ಅದು ಗೊತ್ತಾಗುತ್ತಿರಲಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಈ ಅಮುಕುವಿಕೆ ಕಾಣಿಸುತ್ತದೆ.

ಹಾಗಂತ ಈ ರೋಗಿಗಳಿಗೆ ಮಾಮೂಲಿ ಹಾರ್ಟ್ ಅಟ್ಯಾಕ್ ಆಗುವುದಿಲ್ಲ ಅಂತಲ್ಲ. ಆಗಬಹುದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತರೂ ಎದೆ ಚುಚ್ಚುತ್ತದೆ. ಉಸಿರು ಎಳೆದಾಗ ಚುಚ್ಚಿದರೆ, ಒಂದೇ ಕಾಲು ಊದಿದ್ದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಅದರ ಗುಮಾನಿ ಬರಬೇಕು. ಹೃದಯದ ಬಡಿತ ತಾಳ ತಪ್ಪುವುದೂ ಇದೆ. ಬೇರೆಯವರು ಹೇಗೋ ತಾಳಿಕೊಳ್ಳುವ ಬಡಿತದ ಏರುಪೇರು ಸುಸ್ತಾದ ಬಲ ಹೃದಯವನ್ನು ಕೆಲವೇ ದಿನದಲ್ಲಿ ಮಲಗಿಸಿಬಿಡುತ್ತದೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ರಕ್ತ ತುಂಬಿಕೊಟ್ಟರೆ ಮಾತ್ರ ಅದು ನಡೆಯುವುದು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದರೆ ಅದನ್ನು ಬಿಸಿಲಿನ ಮೇಲೆ, ಉಪವಾಸದ ಮೇಲೆ ಹಾಕಬಾರದು. ರಕ್ತ ಸಾಕಷ್ಟು ಮುಂದೆ ಹೋಗುತ್ತಿಲ್ಲ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಗುರುತಿಲ್ಲ.

ಈಗ ಆ ಗುಳಿಗೆಯ ಮಾತಿಗೆ ಬರೋಣ. ಇದನ್ನು ನಿಧಾನವಾಗಿ ಬಿಡಿಸಿ ಹೇಳಬೇಕು.

ಸಾರ್ಬಿಟ್ರೇಟ್ ನೈಟ್ರೇಟ್ ಜಾತಿಯ ಔಷಧ. ಅದು ಮೈಯಲ್ಲಿ ರಕ್ತನಾಳ ಸಡಿಲಿಸುವ ಒಂದು ಸಂದೇಶವನ್ನು ಹೆಚ್ಚು ಹುಟ್ಟಿಸುತ್ತದೆ. ಸಿಲ್ಡೆನಾಫಿಲ್, ಅದರ ಜಾತಿಯದೇ ಆದ ಟಡಾಲಾಫಿಲ್ ಅದೇ ಸಂದೇಶ ಅಳಿಯದಂತೆ ತಡೆಯುತ್ತವೆ. ಒಂದು ನಲ್ಲಿ ತಿರುಗಿಸಿ ಬಿಡುತ್ತದೆ, ಇನ್ನೊಂದು ಆ ನಲ್ಲಿ ಮುಚ್ಚದಂತೆ ಹಿಡಿಯುತ್ತದೆ. ಎರಡೂ ಸೇರಿದರೆ ಇಡೀ ಮೈಯ ರಕ್ತನಾಳಗಳು ಒಮ್ಮೆಲೇ ಸಡಿಲವಾಗಿ ಬಿ.ಪಿ. ಕುಸಿಯುತ್ತದೆ. ಇದು ಯಾರಿಗಾದರೂ ಅಪಾಯ. ಆದರೆ ಶ್ವಾಸಕೋಶದ ಬಿ.ಪಿ. ಇರುವವರಿಗೆ ಎರಡು ಪಟ್ಟು ಅಪಾಯ. ಯಾಕೆಂದರೆ ದಣಿದ ಬಲ ಹೃದಯಕ್ಕೆ ರಕ್ತ ತಲುಪಿಸುವುದು ಮೈಯ ಬಿ.ಪಿ.ಯೇ. ಅದು ಬಿದ್ದರೆ ಬಲ ಹೃದಯ ಇನ್ನೂ ಹಸಿಯುತ್ತದೆ, ಇನ್ನೂ ಸೋಲುತ್ತದೆ, ಬಿ.ಪಿ. ಇನ್ನೂ ಬೀಳುತ್ತದೆ. ಸುಳಿಯಲ್ಲಿ ಸಿಕ್ಕ ಹಾಗೆ. ಸಿಲ್ಡೆನಾಫಿಲ್ ತಗೊಂಡ 24 ಗಂಟೆಯೊಳಗೆ, ಟಡಾಲಾಫಿಲ್ ತಗೊಂಡ 48 ಗಂಟೆಯೊಳಗೆ ನೈಟ್ರೇಟ್ ಕೊಡಬಾರದು. ದಿನಾ ತಗೊಳ್ಳುವ ರೋಗಿಗೆ ಈ ಲೆಕ್ಕವೇ ಬೇಡ, ಅವರಿಗೆ ಅದು ಯಾವತ್ತೂ ಕೂಡದು. ರಿಯೋಸಿಗ್ವಾಟ್ ಅನ್ನುವ ಔಷಧ ತಗೊಳ್ಳುವವರಿಗೂ ಇದೇ ಮಾತು.

ಹಾಗಾದರೆ ಮನೆಯವರು ಯಾಕೆ ಹೇಳುವುದಿಲ್ಲ? ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ನಾಚಿಕೆ. ಸಿಲ್ಡೆನಾಫಿಲ್ 1998ರಲ್ಲಿ ವಯಾಗ್ರ ಅನ್ನುವ ಹೆಸರಿನಲ್ಲಿ ಲೋಕಕ್ಕೆ ಗೊತ್ತಾಯಿತು. ಶ್ವಾಸಕೋಶದ ಬಿ.ಪಿ.ಗೆ ಅದೇ ಔಷಧ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆದರೆ ಮೊದಲಿನ ಹೆಸರು ಹೋಗಲಿಲ್ಲ. ಔಷಧಿ ಅಂಗಡಿಯಲ್ಲಿ ಚಿಗವ್ವನ ಮಗ ಚೀಟಿ ಕೊಟ್ಟಾಗ ಕೌಂಟರಿನ ಹುಡುಗ ನಕ್ಕಿದ್ದ. ಆಮೇಲೆ ಅವನು ಚೀಟಿ ತೋರಿಸುವುದನ್ನೇ ಬಿಟ್ಟ. ಗುಳಿಗೆಯ ಖಾಲಿ ಪಟ್ಟಿ ಮಡಚಿ ಒಯ್ದು ಮೆಲ್ಲಗೆ ಕೇಳಿ ತರುತ್ತಿದ್ದ. ಚಿಗವ್ವನಿಗೆ ‘ದಮ್ಮಿನ ಗುಳಿಗೆ’ ಅಂತ ಹೇಳಿಕೊಟ್ಟಿದ್ದ. ಹೀಗೆ ಒಂದು ಔಷಧದ ಹೆಸರೇ ಮನೆಯೊಳಗೆ ಕಾಣೆಯಾಯಿತು. ಆ ನಗು ಸಣ್ಣದು, ಆದರೆ ಅವಳ ಜೀವ ತೆಗೆಯುವಷ್ಟು ದೂರ ಬಂದಿತ್ತು. ಔಷಧಿ ಅಂಗಡಿಯವರಲ್ಲಿ ನಾನು ಕೈ ಮುಗಿದು ಕೇಳುವುದು ಇಷ್ಟೇ. ಒಬ್ಬ ಹೆಣ್ಣುಮಗಳ ಚೀಟಿಯಲ್ಲಿ 20 ಮಿಲಿಗ್ರಾಂ ಸಿಲ್ಡೆನಾಫಿಲ್ ಕಂಡರೆ ಗಂಭೀರವಾಗಿ ಕೊಡಿ. ‘ಅಮ್ಮಾ, ಇದರ ಜೊತೆ ಸಾರ್ಬಿಟ್ರೇಟ್ ತಗೋಬ್ಯಾಡ್ರಿ’ ಅಂತ ಒಂದು ಮಾತು ಸೇರಿಸಿ.

ಇದೇ ಸಾಲಿಗೆ ಸೇರುವ ಇನ್ನೊಂದು ರೂಢಿ ಸಲೈನ್. ನಮ್ಮ ಕಡೆ ಸುಸ್ತಾದರೆ ‘ಒಂದ್ ಸಲೈನ್ ಹಚ್ರಿ ಸಾಹೇಬ್ರ’ ಅನ್ನುತ್ತಾರೆ. ಹಚ್ಚದಿದ್ದರೆ ಡಾಕ್ಟರು ಸರಿಯಿಲ್ಲ ಅನ್ನುತ್ತಾರೆ. ಬಲ ಹೃದಯ ಸೋತವರ ಮೈಯಲ್ಲಿ ಆಗಲೇ ನೀರು ತುಂಬಿರುತ್ತದೆ. ಕಾಲು ಊದಿರುತ್ತವೆ, ಹೊಟ್ಟೆ ಉಬ್ಬಿರುತ್ತದೆ, ಲಿವರ್ ಊದಿ ಬಲಪಕ್ಕೆಲುಬಿನ ಕೆಳಗೆ ನೋವು ಇರುತ್ತದೆ. ಈ ಹೊಟ್ಟೆಯ ನೋವನ್ನೇ ಎಷ್ಟೋ ಸಲ ಗ್ಯಾಸ್ ಅನ್ನುವುದು. ಅಂಥವರಿಗೆ ಬಾಟಲಿ ಮೇಲೆ ಬಾಟಲಿ ಹಚ್ಚಿದರೆ ಬಲ ಪಂಪು ಇನ್ನೂ ಹಿಗ್ಗಿ ಎಡಗಡೆಯ ಜಾಗವನ್ನೂ ಒತ್ತುತ್ತದೆ. ಹಾಗಂತ ಮೈ ಪೂರ್ತಿ ಒಣಗಿದರೂ ಕಷ್ಟ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ, ವಾಂತಿ ಭೇದಿ ಆದಾಗ, ನೀರಿಳಿಸುವ ಗುಳಿಗೆ ಅದೇ ಲೆಕ್ಕದಲ್ಲಿ ನುಂಗುತ್ತಾ ಹೋದರೆ ಬಿ.ಪಿ. ಇಳಿದು ತಲೆ ತಿರುಗುತ್ತದೆ. ಬೇಸಿಗೆ ಬಂತು ಅಂದರೆ ಆ ಗುಳಿಗೆಯ ಪ್ರಮಾಣದ ಬಗ್ಗೆ ವೈದ್ಯರನ್ನು ಒಮ್ಮೆ ಕೇಳಬೇಕು. ಮನೆಯಲ್ಲಿ ಒಂದು ತೂಕದ ಯಂತ್ರ ಇದ್ದರೆ ಸಾಕಷ್ಟು ಗೊತ್ತಾಗುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈ ಬಂದದ್ದಲ್ಲ, ನೀರು. ಉಪ್ಪಿನ ಮಾತು ಬಂದಾಗ ಚಿಗವ್ವ ಸಾರಿನಲ್ಲಿ ಕಡಿಮೆ ಹಾಕಿದಳು, ಆದರೆ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಲೆಕ್ಕಕ್ಕೇ ಬರಲಿಲ್ಲ. ಉಪ್ಪು ಕೂತಿರುವುದು ಅಲ್ಲೇ.

ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಈ ರೋಗ ಎಲ್ಲಿಂದ ಹುಟ್ಟುತ್ತದೆ ಅಂತ ನೋಡಿದರೆ ನಮ್ಮ ಬದುಕೇ ಕಾಣುತ್ತದೆ. ಇಡೀ ಜಗತ್ತಿನಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ಎಡ ಹೃದಯದ ತೊಂದರೆ, ಅದರ ನಂತರ ಶ್ವಾಸಕೋಶದ ರೋಗ. ಎಡ ಹೃದಯ ಅಂದಾಗ ನಮ್ಮಲ್ಲಿ ಮರೆಯಬಾರದ್ದು ವಾತಜ್ವರ. ಮಕ್ಕಳಿಗೆ ಗಂಟಲು ನೋವಾಗಿ, ಕೀಲು ಬಾತು, ವಾಸಿಯಾದ ಹಾಗೆ ಆಗಿ, ವರ್ಷಗಳ ಮೇಲೆ ಹೃದಯದ ವಾಲ್ವ್ ಕಿರಿದಾಗುವ ರೋಗ. ಇಕ್ಕಟ್ಟಿನ ಮನೆ, ಬಡತನ ಇರುವಲ್ಲಿ ಅದು ಉಳಿದಿದೆ. ವಾಲ್ವ್ ಕಿರಿದಾದರೆ ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶದ ಒತ್ತಡ ಏರುತ್ತದೆ. ಇದನ್ನು ತಡೆಯಲು ಮೂರು, ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ ಮಾಡಿಸಬೇಕು, ಅದೂ ವರ್ಷಗಟ್ಟಲೆ. ಯಾದಗಿರಿಯ ತಾಂಡಾದಿಂದ ಅಪ್ಪ ಅವ್ವನ ಜೊತೆ ಪುಣೆಗೆ, ಬೆಂಗಳೂರಿಗೆ ಗುಳೆ ಹೋದ ಮಗುವಿಗೆ ಆ ಸೂಜಿ ಯಾರು ಮಾಡಬೇಕು? ಊರಿನ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಹೆಸರು ಇರುತ್ತದೆ, ಮಗು ಇರುವುದಿಲ್ಲ.

ಶ್ವಾಸಕೋಶದ ದಾರಿ ಒಲೆಯ ಮುಂದೆ ಶುರುವಾಗುತ್ತದೆ. ತೊಗರಿ ರಾಶಿಯಾದ ಮೇಲೆ ಉಳಿಯುವ ಕಟ್ಟಿಗೆ ನಮ್ಮ ಹಳ್ಳಿಗಳ ಉರುವಲು. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ನಲವತ್ತು ವರ್ಷ ರೊಟ್ಟಿ ಬಡಿದ ಹೆಂಗಸು ಬೀಡಿ ಮುಟ್ಟದೆಯೂ ಬೀಡಿ ಸೇದಿದವರಂಥ ಶ್ವಾಸಕೋಶ ಹೊತ್ತಿರುತ್ತಾಳೆ. 2016ರಲ್ಲಿ ಉಜ್ವಲಾ ಬಂದು ಗ್ಯಾಸ್ ಒಲೆ ಮನೆಗೆ ಬಂತು. ಚಹಾ ಗ್ಯಾಸಿನ ಮೇಲೆ ಆಗುತ್ತದೆ, ರೊಟ್ಟಿ ಇನ್ನೂ ಕಟ್ಟಿಗೆ ಮೇಲೆಯೇ. ಸಿಲಿಂಡರ್ ತುಂಬಿಸುವ ದುಡ್ಡಿನ ಲೆಕ್ಕ ಹಾಕುವವರನ್ನು ನಾನು ಬೈಯಲಾರೆ. ಇನ್ನು ಕಲ್ಲಿನ ಗಣಿ, ಪಾಲಿಶ್ ಯಂತ್ರದ ಮುಂದೆ ಮುಖಕ್ಕೆ ಬರೀ ಟವೆಲ್ ಸುತ್ತಿಕೊಂಡು ನಿಲ್ಲುವವರ ಪುಪ್ಪುಸದ, ಅಂದರೆ ಶ್ವಾಸಕೋಶದ ಕಥೆಯೂ ಇದೆ.

ಚಿಗವ್ವನದು ಬೇರೆ. ಹುಟ್ಟುವಾಗಲೇ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ತೂತು ಇತ್ತು. ಗೊತ್ತಾದದ್ದು 48ನೇ ವಯಸ್ಸಿಗೆ. ಚಿಕ್ಕಂದಿನಲ್ಲಿ ಮುಚ್ಚಿದ್ದರೆ ಮುಗಿಯುತ್ತಿತ್ತು. ಒತ್ತಡ ಅತಿಯಾದ ಮೇಲೆ ಮುಚ್ಚುವುದೇ ಅಪಾಯ ಅಂದರು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟು ಹೃದಯದೋಷ ಹೆಚ್ಚು. ಸೋದರಮಾವನಿಗೆ ಕೊಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಹುಟ್ಟು ಹೃದಯದೋಷ, ವಾತಜ್ವರದ ಹೃದಯರೋಗ ಎರಡೂ ಅದರ ಪಟ್ಟಿಯಲ್ಲಿವೆ. ಮುಂದಿನ ಚಿಕಿತ್ಸೆಗೂ ದಾರಿ ಇದೆ. ಆ ದಿನ ಮಗುವನ್ನು ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ಯಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಕಠಿಣ ಮಾತು ಇದೆ. ಬಸಿರಿನಲ್ಲಿ ಮೈಯ ರಕ್ತ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಈ ರೋಗ ಜೋರಾಗಿದ್ದರೆ ಬಲ ಹೃದಯ ಅದನ್ನು ತಾಳುವುದಿಲ್ಲ, ತಾಯಿಯ ಜೀವಕ್ಕೇ ಕುತ್ತು. ಬಸಿರು ಬೇಡ ಅಂತಲೇ ವೈದ್ಯರು ಹೇಳುತ್ತಾರೆ. ಈ ರೋಗಕ್ಕೆ ಕೊಡುವ ಬೊಸೆಂಟಾನ್, ಆಂಬ್ರಿಸೆಂಟಾನ್ ತರಹದ ಗುಳಿಗೆಗಳು ಹೊಟ್ಟೆಯಲ್ಲಿರುವ ಮಗುವಿಗೂ ಕೆಡುಕು. ಇದನ್ನು ಸೊಸೆಗೆ ಒಬ್ಬಳಿಗೇ ಹೇಳಿ ಕಳಿಸಿದರೆ ಉಪಯೋಗವಿಲ್ಲ. ಗಂಡನನ್ನೂ ಅತ್ತೆಯನ್ನೂ ಕೂರಿಸಿ ಹೇಳಬೇಕು. ಇಲ್ಲದಿದ್ದರೆ ‘ಮೂರು ವರ್ಷ ಆತು, ಇನ್ನೂ ಏನಿಲ್ಲ’ ಅನ್ನುವ ಮಾತನ್ನು ಅವಳೊಬ್ಬಳೇ ಎದುರಿಸಬೇಕಾಗುತ್ತದೆ.

ವ್ಯವಸ್ಥೆ ಮೊದಲಿಗಿಂತ ಬಹಳ ಸುಧಾರಿಸಿದೆ, ಅದನ್ನು ಹೇಳಲೇಬೇಕು. ಒಂದು ಕಾಲಕ್ಕೆ ಹೃದಯ ಅಂದರೆ ಕಲಬುರಗಿಯವರು ಸೊಲ್ಲಾಪುರಕ್ಕೆ, ಬೀದರಿನವರು ಹೈದರಾಬಾದಿಗೆ ಓಡುತ್ತಿದ್ದರು. 2024ರ ಡಿಸೆಂಬರಿನಲ್ಲಿ ಕಲಬುರಗಿಯ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ ತೆರೆಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಮಿನ ನೆನಪಿಗೆ 371 ಹಾಸಿಗೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಅನ್ನುವ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಂದ ಓದಿಸುತ್ತಾರೆ. ಅಟ್ಯಾಕ್ ಆಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಅಲ್ಲೇ ಕೊಡುತ್ತಾರೆ. ನೂರು ಕಿಲೋಮೀಟರ್ ಆಚೆಯ ಸುರಪುರದವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಇಸಿಜಿ ಒಂದೇ ಸಾಲದು. ಬಲ ಹೃದಯದ ಮೇಲೆ ಒತ್ತಡ ಬಿದ್ದಾಗಲೂ ಇಸಿಜಿಯ ಎದೆಭಾಗದ ಗೆರೆಗಳು ತಲೆಕೆಳಗಾಗಬಹುದು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಕಾಣುವ ಟ್ರೋಪೋನಿನ್ ಕೂಡ ಏರಬಹುದು. ಎರಡನ್ನೂ ಅಟ್ಯಾಕಿನ ಗುರುತು ಅಂತ ಓದುವುದು ಸುಲಭ. ಇನ್ನೊಂದು ಕಡೆ, ರೋಗ ಇದ್ದೂ ಇಸಿಜಿ ಸರಿ ಕಾಣಬಹುದು. ಗುಮಾನಿ ಹುಟ್ಟಿಸುವುದು ಎಕೋ, ಅಂದರೆ ಹೃದಯದ ಸ್ಕ್ಯಾನ್; ಖಾತ್ರಿ ಮಾಡುವುದು ಬಲ ಹೃದಯಕ್ಕೆ ನಳಿಕೆ ಹಾಕಿ ಒತ್ತಡ ಅಳೆಯುವ ಪರೀಕ್ಷೆ. ದಮ್ಮಿಗೆ ಇನ್‌ಹೇಲರ್ ಎಳೆದೂ ಎಳೆದೂ ಕಡಿಮೆಯಾಗದವರಿಗೆ, ವರ್ಷದ ಹಿಂದೆ ಹತ್ತುತ್ತಿದ್ದ ದಿಬ್ಬ ಈಗ ಹತ್ತಲಾಗದವರಿಗೆ ಎಕೋ ಆಗಲೇಬೇಕು. ತೊಂದರೆ ಶುರುವಾಗಿ ರೋಗದ ಹೆಸರು ಸಿಗುವುದಕ್ಕೆ ಮುಂದುವರಿದ ದೇಶಗಳಲ್ಲೇ ಎರಡು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತಿದೆ. ಬೇಗ ಗೊತ್ತಾದರೆ ಲಾಭ ಇದೆ. ಹಳೆಯ ಹೆಪ್ಪಿನಿಂದ ಬಂದ ಬಗೆಯಲ್ಲಿ ಆಪರೇಷನ್ನಿನಿಂದ ಪೂರ್ತಿ ವಾಸಿಯಾಗುವವರೂ ಇದ್ದಾರೆ. ವಾಲ್ವ್ ಕಿರಿದಾದದ್ದಾದರೆ ಬಲೂನಿನಿಂದ ಬಿಡಿಸಬಹುದು. ಸಿಲ್ಡೆನಾಫಿಲ್ ಎಲ್ಲ ಬಗೆಗೂ ಅಲ್ಲ. ಹಾಗಾಗಿ ಪಕ್ಕದ ಮನೆಯವರ ಗುಳಿಗೆ ಕೇಳಿ ತರುವ ರೋಗವಲ್ಲ ಇದು. ಶುರು ಮಾಡಿದವರು ಒಮ್ಮೆಲೇ ಬಿಡುವುದೂ ಅಪಾಯ. ಹಬ್ಬಕ್ಕೆ, ಗುಳೆಗೆ ಹೋಗುವಾಗ ಒಂದು ವಾರದ್ದು ಹೆಚ್ಚಿಗೆ ಕಟ್ಟಿಕೊಳ್ಳಬೇಕು.

ನನಗೆ ಅನ್ನಿಸುವುದು, ತಾಲೂಕು ಆಸ್ಪತ್ರೆಯಲ್ಲಿ ಎದೆನೋವು ಅಂತ ಬಂದವರ ಚೀಟಿಯಲ್ಲಿ ಒಂದು ಪ್ರಶ್ನೆ ಅಚ್ಚಾಗಬೇಕು. ‘ಸಿಲ್ಡೆನಾಫಿಲ್, ಟಡಾಲಾಫಿಲ್ ತಗೊಳ್ತೀರಾ?’ ಇದನ್ನು ಹೆಂಗಸರಿಗೂ ಕೇಳಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ರೋಗಿಯ ಕಡೆಯಿಂದ ಆಗಬೇಕಾದದ್ದೂ ಇದೆ. ಎದೆನೋವು ಹತ್ತು ನಿಮಿಷದಲ್ಲಿ ಇಳಿಯದಿದ್ದರೆ, ಬೆವರು ಬಂದರೆ, ತುಟಿ ನೀಲಿಯಾದರೆ, ಕಣ್ಣು ಕತ್ತಲಿಟ್ಟರೆ 108ಕ್ಕೆ ಕರೆ ಮಾಡಬೇಕು. ಬೈಕಿನ ನಡುವೆ ಕೂರಿಸಿಕೊಂಡು ಹೋಗಬಾರದು. ಹೋದ ಕೂಡಲೇ ಮೊದಲು ರೋಗದ ಹೆಸರು, ಆಮೇಲೆ ನೋವಿನ ಮಾತು.

ಚಿಗವ್ವನಿಗೆ ಈಗ ಒಂದು ಚೀಟಿ ಬರೆದುಕೊಟ್ಟಿದ್ದೇವೆ. ಎಲೆ ಅಡಿಕೆ ಚೀಲದಲ್ಲಿ ಪ್ಲಾಸ್ಟಿಕ್ ಹಾಕಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ಆದರೆ ಬಾಯಿಪಾಠ ಮಾಡಿದ್ದಾಳೆ. ಮೊನ್ನೆ ಹೊಸ ಡಾಕ್ಟರ ಮುಂದೆ ತಾನೇ ಹೇಳಿದಳು: ‘ನನಗ ಪುಪ್ಪುಸದ ಬಿ.ಪಿ. ಅದರಿ. ಸಿಲ್ಡೆನಾಫಿಲ್ ತಗೋತೀನ್ರಿ. ನಾಲಿಗಿ ಕೆಳಗಿನ ಗುಳಿಗಿ ಕೊಡಬ್ಯಾಡ್ರಿ. ಸಲೈನ್ ಹಚ್ಚೋಕಿಂತ ಮೊದಲ ಎಕೋ ನೋಡ್ರಿ.’